ಟ್ಯಾಂಕಿನ ಕೆಳಗೊಂದು ಒಣ ಜಾಗ

ಮುನೀಂದ್ರನ ಬೈಕಿಗೆ ನೀರು ಕಂಡರೆ ಆಗುತ್ತಿರಲಿಲ್ಲ. ಬೇಸಿಗೆಯಲ್ಲಿ ನಂದಗುಡಿ ಹೋಬಳಿಯ ಯಾವ ದಿಣ್ಣೆಯನ್ನಾದರೂ ಹತ್ತಿ ಇಳಿಯುತ್ತಿದ್ದ ಆ ಹಳೇ ಗಾಡಿ, ಮಳೆಗಾಲದ ಮೊದಲ ಗುಂಡಿಯಲ್ಲಿ ಹಿಂದಿನ ಚಕ್ರ ಅದ್ದಿದ ಕೂಡಲೇ ಎರಡು ಸಲ ಕೆಮ್ಮಿ, ಒಂದು ಸಲ ಸೀನಿ, ಮುನಿಸಿಕೊಂಡ ಬೀಗರ ಹಾಗೆ ನಿಂತುಬಿಡುತ್ತಿತ್ತು.

ಬೇರೆಯವರ ಬೈಕು ಕೆಟ್ಟರೆ ಅವರು ಮಾತ್ರ ನೆನೆಯುತ್ತಾರೆ. ಮುನೀಂದ್ರನ ಬೈಕು ಕೆಟ್ಟರೆ ಸುತ್ತಲಿನ ಹಳ್ಳಿಗಳಲ್ಲಿ ಹಸುಗಳು ಗಬ್ಬವಾಗುವುದೇ ನಿಲ್ಲುತ್ತಿತ್ತು. ಅವನ ಕೆಲಸ ಅಂಥದ್ದು. ಹಾಲಿನ ಸೊಸೈಟಿಯ ಪರವಾಗಿ ಮನೆಮನೆಗೆ ಹೋಗಿ ಬೆದೆಗೆ ಬಂದ ಹಸುಗಳಿಗೆ ಗರ್ಭಧಾರಣೆಯ ಸೂಜಿ ಹಾಕುವವನು. ಹಿಂದಿನ ಸೀಟಿಗೆ ಕಟ್ಟಿದ, ಮುಚ್ಚಳ ತೆಗೆದರೆ ಬಿಳಿ ಹೊಗೆ ಉಗುಳುವ ತಣ್ಣನೆ ಕ್ಯಾನಿನಲ್ಲಿ ಅವನು ನೂರಾರು ಹೋರಿಗಳ ವಂಶವನ್ನು ಹೊತ್ತು ತಿರುಗುತ್ತಿದ್ದ. ಆದರೆ ಬೆದೆ ಯಾರಿಗೂ ಕಾಯುವುದಿಲ್ಲ. ಅರ್ಧ ದಿನ ತಪ್ಪಿದರೆ ಮತ್ತೆ ಮೂರು ವಾರ.

ಆವತ್ತು ಬೆಳಿಗ್ಗೆ ಅವನು ಮುದ್ದೆ ಮುರಿಯುವಷ್ಟರಲ್ಲಿ ಕೋಡಿಹಳ್ಳಿಯ ಕದಿರಮ್ಮ ಫೋನು ಮಾಡಿದಳು.

"ಮುನೀಂದ್ರಪ್ಪಾ, ನಮ್ಮ ಹಸು ಹಂಡಮ್ಮ ರಾತ್ರಿಯಿಂದ ಕೂಗ್ತಾ ಐತೆ. ಬೇಗ ಬಾರಪ್ಪ."

"ಬಂದೆ ಕಣಮ್ಮ."

"ಹೋದ್ಸಲಾನೂ ಇಂಗೇ ಅಂದೆ. ಅದಕ್ಕೆ ಮುಂಚೇನೂ ಅಂದೆ. ಎರಡು ಸಲಾನೂ ನಿನ್ ಬೈಕು ಅಂಡರ್‌ಪಾಸ್‌ನಲ್ಲಿ ಮಲಗ್ತು." ಅವಳ ದನಿ ತಗ್ಗಿತು. "ನನ್ ಮಗ ಅನಿಲ್‌ಕುಮಾರ ಬರಡು ಹಸು ಸಾಕಕ್ಕಾಗಲ್ಲ ಅಂತ ಕೂತವ್ನೆ. ಸಾಯಂಕಾಲಕ್ಕೆ ವ್ಯಾಪಾರಿ ಟೆಂಪೋ ತರ್ತಾನಂತೆ. ಮಧ್ಯಾಹ್ನದೊಳಗೆ ನೀನು ಬರ್ಲಿಲ್ಲ ಅಂದ್ರೆ ನಾನು ಸೂಲಿಬೆಲೆ ಕಡೆಯಿಂದ ವೇಣುಗೋಪಾಲನ್ನ ಕರೆಸ್ತೀನಿ. ಬೇಜಾರು ಮಾಡ್ಕೋಬೇಡ."

ವೇಣುಗೋಪಾಲ ಎಂಬ ಹೆಸರು ಕೇಳಿ ಮುನೀಂದ್ರ ಮುರಿದ ಮುದ್ದೆಯನ್ನು ತಟ್ಟೆಗೇ ಬಿಟ್ಟ. ಪಕ್ಕದ ಹೋಬಳಿಯ ಆ ಮನುಷ್ಯನಿಗೆ ಹೊಸ ಬೈಕಿತ್ತು, ಇಸ್ತ್ರಿ ಮಾಡಿದ ಏಪ್ರನ್ನಿತ್ತು. ಕೋಡಿಹಳ್ಳಿಗೊಂದು ಸಲ ಕಾಲಿಟ್ಟರೆ ಊರಿಗೆ ಊರೇ ಅವನ ಪಾಲು. ಮುನೀಂದ್ರ ಕೈ ತೊಳೆದು ಕ್ಯಾನು ಕಟ್ಟಿ ಹೊರಟೇಬಿಟ್ಟ. ಆಕಾಶ ಎಮ್ಮೆಯ ಬೆನ್ನಿನ ಹಾಗೆ ಕಪ್ಪಾಗಿತ್ತು.

ನಂದಗುಡಿ ದಾಟುವ ಮೊದಲೇ ತುಂತುರು ಶುರುವಾಯಿತು. ಅಪ್ಪಯ್ಯಣ್ಣನ ಹೋಟೆಲಿನ ಮುಂದೆ ಒಂದು ಗುಂಡಿ. ಎರಡು ಕೆಮ್ಮು, ಒಂದು ಸೀನು. ಬೈಕು ನಿಂತಿತು.

"ಬಂತಪ್ಪ ನಮ್ ಡಾಕ್ಟ್ರ ಮೆರವಣಿಗೆ," ಎಂದ ಅಪ್ಪಯ್ಯಣ್ಣ, ಬೋಂಡಾ ತಿರುವುತ್ತ. "ಟೀ ಹಾಕ್ಲಾ?"

"ಟೀ ಬ್ಯಾಡ, ಗಾಡಿ ಕೊಡಣ್ಣ. ಹೋಗಿ ಬಂದ್ಬಿಡ್ತೀನಿ."

"ಸ್ಕೂಟಿ ಸೊಸೆ ತಗೊಂಡು ಹೊಸಕೋಟೆಗೆ ಹೋದ್ಲು. ಆಟೋದವರು ಅಂಡರ್‌ಪಾಸ್ ಅಂದ್ರೆ ಬರಲ್ಲ. ಅಲ್ಲ ಗುರು, ಈ ಗಾಡಿಗೆ ಮುನೇಶ್ವರಂಗೆ ಒಂದು ಕಾಯಾದ್ರೂ ಒಡ್ಸಿದ್ಯಾ?"

"ಕಾಯಿ ಅಲ್ಲ ಅದಕ್ಕೆ ಬೇಕಾಗಿರೋದು," ಎಂಬ ದನಿ ಬೆಂಚಿನ ಮೂಲೆಯಿಂದ ಬಂತು. ಸೊಣ್ಣಪ್ಪ. ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತುವವನು. ವಿದ್ಯುತ್ತು ಹರಿಯುವ ಯಾವ ವಸ್ತುವೂ ತನಗೆ ಅಧೀನ ಎಂಬುದು ಅವನ ನಂಬಿಕೆ. ಮುನೀಂದ್ರ ಬೇಡವೆನ್ನುವ ಮೊದಲೇ ಅವನು ಬೈಕಿನ ಪಕ್ಕದ ಕವರು ಕಿತ್ತು ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯೊಂದನ್ನು ಹೊರಗೆಳೆದ. ಅದರ ವೈರುಗಳಿಂದ ಕೆಸರುನೀರು ತೊಟ್ಟಿಕ್ಕುತ್ತಿತ್ತು.

"ನೋಡ್ದಾ? ಇದು ಸಿಡಿಐ. ಎಂಜಿನ್ನಿಗೆ ಯಾವಾಗ ಕಿಡಿ ಹೊಡೀಬೇಕು ಅಂತ ಹೇಳೋ ಮೆದುಳು. ಮೆದುಳನ್ನ ತಗೊಂಡ್ಹೋಗಿ ಹಿಂದಿನ ಚಕ್ರದ ಬಾಯಿಗೇ ಇಟ್ಟವ್ರೆ. ಚಕ್ರ ನೀರೆರಚಿದ್ರೆ ಇದು ತಲೆಸ್ನಾನ ಮಾಡ್ತದೆ. ಇದನ್ನ ಎತ್ತಿ ಟ್ಯಾಂಕಿನ ಕೆಳಗಿಟ್ಟುಬಿಟ್ರೆ ಕೆರೆಯೊಳಗೂ ಓಡಿಸ್ಬೋದು."

ಮುನೀಂದ್ರ ಮೆಕ್ಯಾನಿಕ್ ಚಲಪತಿಗೆ ಫೋನು ಹಚ್ಚಿದ. ಅವನು ಚಿಂತಾಮಣಿಯಲ್ಲಿ ಮಾವನ ಮನೆಯ ಊಟದ ಪಂಕ್ತಿಯಲ್ಲಿದ್ದ.

"ಸೊಣ್ಣಪ್ಪಣ್ಣ ಹೇಳಿದ್ದು ಕರೆಕ್ಟೇ," ಎಂದ ಚಲಪತಿ, ಹಪ್ಪಳ ಅಗಿಯುತ್ತ. "ಮೇಲಿಟ್ರೆ ನೀರು ಹೋಗಲ್ಲ. ಆದ್ರೆ ವೈರು ಸಾಲಲ್ಲ, ಎಲ್ಲಾನೂ ಉದ್ದ ಮಾಡ್ಬೇಕು. ನಾಳೆ ನಾನೇ ಬರ್ತೀನಿ, ನೀವು ಮುಟ್ಬೇಡಿ..."

"ನಾಳೆ ಅಂತೆ! ಹಸುಗೆ ಹೇಳು, ನಾಳೆ ಬಾ ಅಂತ," ಎಂದು ಸೊಣ್ಣಪ್ಪ ಫೋನು ಕಿತ್ತು ಜೇಬಿಗಿಟ್ಟುಕೊಂಡ.

ಮಳೆ ಜೋರಾಯಿತು. ಸೀಟು ಬಿಚ್ಚಿದರು, ಟ್ಯಾಂಕು ಎತ್ತಿದರು. ಬೈಕು ಚರ್ಮ ಸುಲಿದ ಕೋಳಿಯ ಹಾಗೆ ನಿಂತಿತು. ಸೊಣ್ಣಪ್ಪ ಹಳೇ ಮೋಟರಿನ ವೈರು ಕತ್ತರಿಸಿ ಒಂದೊಂದಕ್ಕೂ ತುಂಡು ಸೇರಿಸುತ್ತ ಹೋದ. ಅಪ್ಪಯ್ಯಣ್ಣ ಬೋಂಡಾದ ಜಾಲರಿ ಹಿಡಿದುಕೊಂಡೇ ನಿರ್ದೇಶನ ಕೊಟ್ಟ. ಹೋಟೆಲಿಗೆ ಬಂದವರೆಲ್ಲ ಒಂದೊಂದು ಮಾತು ಸೇರಿಸಿದರು. ಒಬ್ಬ ಡಬ್ಬಿಯನ್ನು ಹೆಲ್ಮೆಟ್ಟಿನೊಳಗಿಡು ಎಂದ. ಇನ್ನೊಬ್ಬ ಬೈಕನ್ನೇ ಮಾರು ಎಂದ. ನಡುವೆ ಕದಿರಮ್ಮನ ಕರೆ ಬಂದು ಮುನೀಂದ್ರನ ಫೋನು ಸೊಣ್ಣಪ್ಪನ ಜೇಬಿನಲ್ಲಿ ಬಡಿದುಕೊಂಡಿತು.

"ಎಲ್ಲಿದ್ದೀಯಪ್ಪ?"

"ಅರ್ಧ ದಾರೀಲಿದ್ದಾರಮ್ಮ," ಎಂದು ಸೊಣ್ಣಪ್ಪನೇ ಉತ್ತರಿಸಿದ.

ಕೊನೆಗೆ ಒಂದು ವೈರು ಮಾತ್ರ ಜೋಡಿಯಿಲ್ಲದೆ ಉಳಿಯಿತು. ತುಂಡು ವೈರು ಮುಗಿದಿತ್ತು.

"ಇದು?" ಎಂದ ಮುನೀಂದ್ರ.

"ಒದ್ದು ನೋಡು. ಸ್ಟಾರ್ಟ್ ಆದ್ರೆ ಅದು ಬ್ಯಾಡ ಅಂತಾನೇ ಅರ್ಥ."

ಮುನೀಂದ್ರ ಕಿಕ್ಕರ್ ಒದ್ದ. ಬೈಕು ಹುಲಿಯಂತೆ ಗರ್ಜಿಸಿತು. ಹೋಟೆಲಿನವರೆಲ್ಲ ಚಪ್ಪಾಳೆ ತಟ್ಟಿದರು. ಸೊಣ್ಣಪ್ಪ ಆ ಒಂಟಿ ವೈರನ್ನು ಮಡಚಿ ಒಳಗೆ ತುರುಕಿ, ಡಬ್ಬಿಯನ್ನು ಹಾಲಿನ ಕವರಿನಲ್ಲಿ ಸುತ್ತಿ, ಅದರ ಮೇಲೆ ಸೈಕಲ್ ಟ್ಯೂಬು ಬಿಗಿದು, ಟ್ಯಾಂಕಿನ ಕೆಳಗೆ ತೊಟ್ಟಿಲ ಕೂಸಿನಂತೆ ಮಲಗಿಸಿ, ಟ್ಯಾಂಕು ಸೀಟು ಮತ್ತೆ ಕೂರಿಸಿದ. ದಾರಿಯಲ್ಲಿ ಆರಿಹೋಗದಿರಲೆಂದು ಎಂಜಿನ್ನಿನ ಓಟವನ್ನೂ ಒಂದಿಷ್ಟು ಏರಿಸಿದ. ಆಮೇಲೆ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಹತ್ತಿ ಕೂತ.

"ನೀನ್ಯಾಕಣ್ಣಾ?"

"ನಾನ್ ಮಾಡಿದ್ ಕೆಲ್ಸ ನಾನ್ ನೋಡ್ಬೇಡ್ವಾ? ನಡಿ."

ಹೊಸ ಹೈವೇ ಕೆಳಗಿನ ಅಂಡರ್‌ಪಾಸ್ ಬಂತು. ಒಳಗೆ ಕೆಂಪು ನೀರು, ಈ ಗೋಡೆಯಿಂದ ಆ ಗೋಡೆಯವರೆಗೆ. ಅತ್ತ ಬದಿಯಲ್ಲಿ ಕಾರೊಂದು ಬಾನೆಟ್ಟು ತೆರೆದು ಆಕಳಿಸುತ್ತಿತ್ತು. ಮುನೀಂದ್ರ ಉಸಿರು ಬಿಗಿಹಿಡಿದು ಮೊದಲ ಗೇರಿಗೆ ಹಾಕಿದ. ನೀರು ಪಾದಕ್ಕೆ ಬಂತು, ಕಣಕಾಲಿಗೆ ಬಂತು. ಹಿಂದಿನ ಚಕ್ರ ಕಾರಂಜಿಯಾಯಿತು. ಈಗ ಕೆಮ್ಮುತ್ತೆ, ಈಗ ಸೀನುತ್ತೆ ಎಂದು ಅವನು ಕಿವಿ ಕೊಟ್ಟ. ಬೈಕು ಕೆಮ್ಮಲಿಲ್ಲ. ಸೀನಲಿಲ್ಲ. ಒಂದೇ ಸ್ವರದಲ್ಲಿ ಗುಡುಗುಡು ಎನ್ನುತ್ತ ನೀರು ಸೀಳಿ ಆಚೆ ದಡ ಹತ್ತಿತು.

"ಹೆಂಗೆ!" ಎಂದು ಸೊಣ್ಣಪ್ಪ ಕ್ಯಾನಿಗೆ ತಾಳ ಹಾಕಿದ. ಮುನೀಂದ್ರನ ಕಣ್ಣಲ್ಲಿ ನೀರೇ ಬಂತು. ಮಳೆಯಲ್ಲಿ ಅದು ಯಾರಿಗೂ ಕಾಣಲಿಲ್ಲ.

ಕದಿರಮ್ಮನ ಮನೆ ಕೆರೆಯ ಮೇಲಿನ ಇಳಿಜಾರಿನಲ್ಲಿತ್ತು. ಅಂಗಳದಲ್ಲಿ ಅನಿಲ್‌ಕುಮಾರ ಕೈಕಟ್ಟಿ ನಿಂತಿದ್ದ. ಕೊಟ್ಟಿಗೆಯಲ್ಲಿ ಹಂಡಮ್ಮ ಎಂಬ ಕಪ್ಪು ಬಿಳುಪಿನ ಸೀಮೆಹಸು ಹಗ್ಗ ಜಗ್ಗುತ್ತಿತ್ತು. ಮುನೀಂದ್ರ ಕೀ ತಿರುವಿ ಇಳಿಯಹೋದ. ಬೈಕು ಆರಲಿಲ್ಲ.

ಮತ್ತೆ ತಿರುವಿದ. ಕೀಯನ್ನೇ ಕಿತ್ತು ಕೈಯಲ್ಲಿ ಹಿಡಿದ. ಬೈಕು ಅವನ ಮುಖವನ್ನೇ ನೋಡುತ್ತ ಗುಡುಗುಡು ಎನ್ನುತ್ತಲೇ ಇತ್ತು.

"ಸೊಣ್ಣಪ್ಪಣ್ಣಾ, ಆಫ್ ಆಗ್ತಿಲ್ಲ!"

ಸೊಣ್ಣಪ್ಪ ತಲೆ ಕೆರೆದುಕೊಂಡ. "ಓ... ಆ ಒಂಟಿ ವೈರು ಆಫ್ ಮಾಡೋದಿರ್ಬೇಕು."

"ಲೇ, ಆ ಸದ್ದು ನಿಲ್ಸ್ರೋ! ಹಸು ಹೆದರ್ತಾ ಐತೆ," ಎಂದು ಕದಿರಮ್ಮ ಕೂಗಿದಳು. ಹಂಡಮ್ಮ ಹಿಂಗಾಲು ಝಾಡಿಸಿ ಹಾಲಿನ ಬಕೆಟ್ಟನ್ನು ಅಂಗಳಕ್ಕೆ ಹಾರಿಸಿತು. ಮುನೀಂದ್ರ ಬೇರೆ ದಾರಿ ಕಾಣದೆ ಗೇರಿಗೆ ಹಾಕಿ, ಬ್ರೇಕು ಗಟ್ಟಿಯಾಗಿ ಒತ್ತಿ, ಕ್ಲಚ್ಚು ಬಿಟ್ಟ. ಬೈಕು ಒಮ್ಮೆ ಮುಗ್ಗರಿಸಿ ಸುಮ್ಮನಾಯಿತು. ಇಳಿಜಾರಲ್ಲಿ ಜಾರದಿರಲೆಂದು ಗೇರಿನಲ್ಲೇ ಬಿಟ್ಟು ಸ್ಟಾಂಡು ಹಾಕಿ, ಕೀಯನ್ನು ಅಂಗಿಯ ಜೇಬಿಗೆ ಸೇರಿಸಿ ಕೊಟ್ಟಿಗೆಗೆ ಓಡಿದ.

ಉದ್ದನೆಯ ಕೈಗವಸು ಹಾಕಿದ. ಕ್ಯಾನಿನಿಂದ ವೀರ್ಯದ ಕಡ್ಡಿ ತೆಗೆದು ಉಗುರುಬೆಚ್ಚನೆ ನೀರಿಗೆ ಅದ್ದಿ, ಗನ್ನು ಎಂಬ ಉದ್ದನೆ ಕೊಳವೆಗೆ ಏರಿಸಿದ. ಕದಿರಮ್ಮ ಹಸುವಿನ ಮೂಗುದಾರ ಹಿಡಿದು ದೇವರ ಹೆಸರು ಹೇಳತೊಡಗಿದಳು. ಮುನೀಂದ್ರನ ಎಡಗೈ ಭುಜದವರೆಗೆ ಹಸುವಿನೊಳಗೆ ಹೋಯಿತು. ಬಲಗೈಯಲ್ಲಿ ಗನ್ನು. ಇನ್ನು ಅಲುಗಾಡುವಂತಿಲ್ಲ.

ಅಷ್ಟರಲ್ಲಿ ಹೊರಗೆ ಸೊಣ್ಣಪ್ಪನ ದನಿ ಕೇಳಿಸಿತು. "ಪಾಪ, ಗಾಡಿ ಮಳೇಲಿ ನೆನೀತಾ ಐತೆ ಕಣೋ. ಇಷ್ಟು ಕಷ್ಟಪಟ್ಟು ಒಣಗಿಸಿದ್ದು ವೇಸ್ಟಾಗ್ತದೆ. ಆ ಕೆಳಗಿನ ಶೆಡ್ಡಿಗೆ ತಳ್ಳಿಬಿಡಾನ ಬಾ."

"ಬ್ಯಾಡಾ!" ಎಂದು ಮುನೀಂದ್ರ ಒಳಗಿನಿಂದ ಕೂಗಿದ. "ಗೇರಲ್ಲೈತೆ! ತಳ್ಳಿದ್ರೆ ಸ್ಟಾರ್ಟಾಗ್ತದೆ!"

ತಗಡಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಅವನ ಕೂಗು ಹಸುವಿಗೆ ಮಾತ್ರ ಕೇಳಿಸಿತು. ಅದು ಬಾಲದಿಂದ ಅವನ ಕೆನ್ನೆಗೆ ಬಾರಿಸಿತು.

"ಏನೋ ಬಿಗಿಯಾಗೈತಲ್ಲ ಅಣ್ಣ," ಎಂದ ಅನಿಲ್‌ಕುಮಾರ.

"ಬ್ರೇಕು ಕಚ್ಕೊಂಡಿರ್ಬೇಕು. ಜೋರಾಗಿ ತಳ್ಳು. ಐಸಾ!"

ಕೆಸರಲ್ಲಿ ಚಕ್ರ ಉಜ್ಜುವ ಸದ್ದು. ಆಮೇಲೆ ಗುಡುಗುಡು.

ಕೀ ಮುನೀಂದ್ರನ ಎದೆಯ ಮೇಲೆ ಜೇಬಿನಲ್ಲಿ ಚುಚ್ಚುತ್ತಿತ್ತು. ಬೈಕು ಹೊರಗೆ ಓಡುತ್ತಿತ್ತು.

"ಕದಿರಮ್ಮಾ, ನನ್ ಬೈಕು..."

"ಬೈಕು ಎಲ್ಲೂ ಹೋಗಲ್ಲ, ಮೊದ್ಲು ನೆಟ್ಟಗೆ ಕೆಲ್ಸ ಮುಗ್ಸು! ಈ ಸಲ ತಪ್ಪಿದ್ರೆ ನನ್ ಹಸು ಟೆಂಪೋ ಹತ್ತುತ್ತೆ."

ಅವಳ ಕಣ್ಣು ನೋಡಿ ಅವನಿಗೆ ಕೈ ಎಳೆದುಕೊಳ್ಳಲು ಮನಸ್ಸು ಬರಲಿಲ್ಲ. ಹೊರಗೆ "ಹಿಡ್ಕೊಳೋ!", "ನೀನ್ ಹಿಡ್ಕೊಳಣ್ಣಾ!", "ಬ್ರೇಕ್ ಎಲ್ಲೋ ಇದಕ್ಕೆ?" ಎಂಬ ಕೂಗುಗಳು ದೂರದೂರ ಸರಿಯುತ್ತಿದ್ದವು. ಮುನೀಂದ್ರ ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಬೆರಳ ತುದಿಯಲ್ಲಿ ಜಾಗ ಹುಡುಕಿ, ನಿಧಾನವಾಗಿ ಗನ್ನು ಒತ್ತಿದ. ಅವನ ಜೀವಮಾನದಲ್ಲೇ ಅಷ್ಟು ಅಚ್ಚುಕಟ್ಟಾಗಿ ಅವನು ಸೂಜಿ ಹಾಕಿರಲಿಲ್ಲ. ಕೈ ಹೊರಗೆಳೆದು, ಗವಸನ್ನೂ ತೆಗೆಯದೆ ಅಂಗಳಕ್ಕೆ ಜಿಗಿದ.

ಸವಾರನಿಲ್ಲದ ಬೈಕು ಶೆಡ್ಡು ದಾಟಿ, ತಿಪ್ಪೆಗುಂಡಿ ದಾಟಿ, ತವರಿಗೆ ಹೊರಟ ಹೆಣ್ಣಿನಂತೆ ಹಿಂದಿರುಗಿ ನೋಡದೆ ಇಳಿಜಾರಿನಲ್ಲಿ ಸಾಗುತ್ತಿತ್ತು. ಅದರ ಹಿಂದೆ ಅನಿಲ್‌ಕುಮಾರ, ಅವನ ಹಿಂದೆ ಪಂಚೆ ಎತ್ತಿಕೊಂಡು ಸೊಣ್ಣಪ್ಪ. ಮುನೀಂದ್ರ ಕೈಗವಸು ಬೀಸುತ್ತ ಓಡಿದ. ಕೆರೆಯಂಚಿನಲ್ಲಿ ಬೈಕು ಒಂದು ಕಲ್ಲನ್ನು ನೆಗೆದು, ನೀರಿಗಿಳಿದು, ಎರಡು ಮಾರು ಹೋಗಿ, ಗಳಗಳ ಎಂದು ಗುಳ್ಳೆ ಬಿಟ್ಟು, ಮೆಲ್ಲಗೆ ಪಕ್ಕಕ್ಕೆ ಮಲಗಿತು. ಸ್ವಲ್ಪ ಹೊತ್ತು ಹ್ಯಾಂಡಲಿನ ಒಂದು ತುದಿ ಕಾಣಿಸಿತು. ಆಮೇಲೆ ಅದೂ ಇಲ್ಲ.

ಟ್ರ್ಯಾಕ್ಟರು ತಂದು, ಹಗ್ಗ ಕಟ್ಟಿ ಹೊರಗೆಳೆದಾಗ ಮಳೆ ನಿಂತಿತ್ತು. ಸೈಲೆನ್ಸರಿನಿಂದ ನೀರು ಸುರಿಯಿತು, ಎಂಜಿನ್ನಿನಿಂದ ಸುರಿಯಿತು, ಟ್ಯಾಂಕಿನಿಂದ ಪೆಟ್ರೋಲೂ ನೀರೂ ಕೂಡಿ ಸುರಿಯಿತು. ಹೆಡ್‌ಲೈಟಿನೊಳಗೆ ಒಂದು ಸಣ್ಣ ಮೀನು ಈಜುತ್ತಿತ್ತು. ಮುನೀಂದ್ರ ಕೆರೆ ಏರಿಯ ಮೇಲೆ ಕೂತ.

"ಬೇಜಾರ್ ಮಾಡ್ಕೋಬೇಡಿ ಅಣ್ಣ," ಎಂದ ಅನಿಲ್‌ಕುಮಾರ, ಅಪರಾಧಿಯ ಮುಖದಲ್ಲಿ. "ವ್ಯಾಪಾರಿಗೆ ಬರ್ಬೇಡ ಅಂತ ಹೇಳ್ಬಿಟ್ಟೆ. ಪಕ್ಕದ ಮನೆ ಹಸೂನೂ ಕೂಗ್ತಾ ಐತಂತೆ. ನಿಮಗೆ ಗಾಡಿ ಇಲ್ವಲ್ಲ, ನಾಳೆಯಿಂದ ಹೆಂಗೂ ಓಡಾಡಕ್ಕಾಗಲ್ಲ ಅಂತ ವೇಣುಗೋಪಾಲಣ್ಣಂಗೆ ಫೋನ್ ಮಾಡಿದೀನಿ. ಬರ್ತಾವ್ರೆ. ವಾಪಸ್ ಹೋಗ್ತಾ ನಿಮ್ಮನ್ನ ನಂದಗುಡೀಗೆ ಬಿಡ್ತಾರಂತೆ."

ಮುನೀಂದ್ರ ಇನ್ನೂ ಕೈಯಲ್ಲೇ ಇದ್ದ ಗವಸನ್ನು ಕಳಚತೊಡಗಿದ. ಸೊಣ್ಣಪ್ಪ ಮಾತ್ರ ಬೈಕಿನ ಪಕ್ಕದಲ್ಲಿ ಮಂಡಿಯೂರಿ, ಟ್ಯಾಂಕಿನ ಕೆಳಗೆ ಕೈ ಹಾಕಿ, ಏನನ್ನೋ ಬಿಚ್ಚುತ್ತಿದ್ದ. ಸೈಕಲ್ ಟ್ಯೂಬು ಬಂತು, ಹಾಲಿನ ಕವರು ಬಂತು. ಕೊನೆಗೆ ಕಪ್ಪು ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು, ಬೆರಳಾಡಿಸಿ, ಕೆನ್ನೆಗೂ ಒತ್ತಿ ನೋಡಿ, ಓಡೋಡಿ ಏರಿ ಹತ್ತಿ ಬಂದ. ಅವನ ಮುಖ ಅರಳಿತ್ತು.

"ಮುಟ್ಟಿ ನೋಡು ಮುನೀಂದ್ರಾ," ಎಂದ. "ಒಂದ್ ತೊಟ್ಟು ನೀರು ಹೋಗಿದ್ರೆ ಕೇಳು!"