ಮಡ್‌ಗಾರ್ಡಿನ ಮೇಲೆ ಮಾವನವರು

ಟ್ರ್ಯಾಕ್ಟರಿನ ಮಡ್‌ಗಾರ್ಡು ಕೆಸರು ತಡೆಯಲಿಕ್ಕೆ ಇದೆ ಎಂದು ಅದನ್ನು ತಯಾರಿಸಿದವರು ತಿಳಿದುಕೊಂಡಿರಬಹುದು. ಹಿರೇಕೆರೂರು ಕಡೆಯ ನಮಗೆ ಅದು ಕುರ್ಚಿ. ಡ್ರೈವರ್ ಸೀಟಿನಲ್ಲಿ ಯಾರು ಕೂತರೂ ನಡೆದೀತು, ಎಡಗಡೆಯ ಮಡ್‌ಗಾರ್ಡಿಗೆ ಮಾತ್ರ ಹಿರಿಯರೇ ಆಗಬೇಕು. ಬೀಗರು ಬಂದರೆ ಟವೆಲ್ಲಿನಿಂದ ಅದನ್ನು ಒರೆಸಿ "ಹತ್ರಿ, ಕುಂತ್ಕೊರಿ" ಎನ್ನುವುದು ನಮ್ಮಲ್ಲಿ ಚಹಾ ಕೊಟ್ಟಷ್ಟೇ ಸಹಜ. ಇದೆಲ್ಲ ಗೊತ್ತಿದ್ದೂ ನಾನು ಈ ಸಲ ಗಾಲಿಗೆ ಉದ್ದನೆಯ ಹಲ್ಲು ಹಾಕಿಸಿದೆ.

ಮಾಸೂರಿನ ನಮ್ಮ ಭತ್ತದ ಗದ್ದೆಯಲ್ಲಿ ರಬ್ಬರ್ ಟೈರು ನಿಂತಲ್ಲೇ ಜಾರುತ್ತದೆ. ಅದಕ್ಕೇ ಟೈರು ಬಿಚ್ಚಿ ಕಬ್ಬಿಣದ ಗಾಲಿ ಹಾಕುತ್ತೇವೆ. ಕೆಸರಿಗೆ ಕಚ್ಚಿಕೊಳ್ಳುವ ಅದರ ಹಲ್ಲು ಸವೆದಿದ್ದವೆಂದು ವೆಲ್ಡಿಂಗ್ ಅಂಗಡಿಯ ದಸ್ತಗೀರಸಾಬರ ಹತ್ತಿರ ಹೊಸ ಹಲ್ಲು ಹಾಕಿಸಿದೆ. "ಹಲ್ಲಿಗೂ ಮಡ್‌ಗಾರ್ಡಿಗೂ ನಡುವ ಎರಡ ಬೆರಳ ಜಾಗಾ ಬಿಟ್ಟೇನ್ರಿ. ಇನ್ನೇನ ಬೇಕ್ರಿ, ಅದರಾಗ ಸಂಸಾರ ಹೂಡಬೇಕೇನು?" ಎಂದರು. ನಾನೂ ಬೆರಳು ಹಾಕಿ ನೋಡಿ ತಲೆದೂಗಿದೆ. ಆಗ ಮಡ್‌ಗಾರ್ಡಿನ ಮೇಲೆ ಯಾರೂ ಕೂತಿರಲಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮದಗದ ಕೆರೆಯ ನೀರಿನ ಪಾಳಿ ನಮಗೆ ಮಧ್ಯಾಹ್ನದವರೆಗೆ ಮಾತ್ರ. ಅಷ್ಟರಲ್ಲಿ ಕೆಸರು ಹೊಡೆಯದಿದ್ದರೆ, ಕಿತ್ತಿಟ್ಟ ಸಸಿಯೆಲ್ಲ ಬದುವಿನ ಮೇಲೇ ಬಾಡುತ್ತದೆ. ಅಂಥ ಹೊತ್ತಿನಲ್ಲಿ ಸವಣೂರಿನಿಂದ ಮಾವನವರು ನಾಟಿ ನೋಡಲು ಬಂದರು. ತೂಕದ ಮನುಷ್ಯ, ಎಲ್ಲ ರೀತಿಯಿಂದಲೂ. ಹಿಂದೊಮ್ಮೆ ನಾನು ಎರಡನೆಯ ರೊಟ್ಟಿಗೆ ಒತ್ತಾಯ ಮಾಡಲಿಲ್ಲವೆಂದು ಅರ್ಧ ಊಟಕ್ಕೇ ಎದ್ದು ಹೋದವರು, ಮತ್ತೆ ನಮ್ಮ ಹೊಸ್ತಿಲು ತುಳಿಯುವ ಹೊತ್ತಿಗೆ ತೊಟ್ಟಿಲಲ್ಲಿದ್ದ ನನ್ನ ಮಗಳು ನಡೆಯಲು ಕಲಿತಿದ್ದಳು. ನನ್ನ ಹೆಂಡತಿ ನೀಲಮ್ಮ ಬದುವಿನ ಮೇಲೆ ಬುತ್ತಿ ಇಳಿಸುತ್ತಲೇ ಪಿಸುಗುಟ್ಟಿದಳು: "ಇವತ್ತರ ಅಪ್ಪಗ ಏನೂ ಅನಬ್ಯಾಡ್ರಿ."

ಮಾವನವರು ಎಡಗಡೆ ಹತ್ತಿ ಕೂತರು. ಹೊಸ ಹಲ್ಲಿನ ಮೇಲೆ ಕಣ್ಣಿಡಲೆಂದು ನಾನು ಬಲಗಡೆ ಕೂತೆ. ಡ್ರೈವರ್ ಫಕ್ಕೀರಪ್ಪ ಗದ್ದೆಗೆ ಇಳಿಸಿ ನಾಲ್ಕು ಮಾರು ಹೋಗಿರಲಿಲ್ಲ, ಕರ್ರ್ ಎಂದು ಕಬ್ಬಿಣ ಕೂಗಿತು. ಅವನು ನಿಲ್ಲಿಸಿ, "ಭಾರಕ್ಕ ತಗಡ ಬಗ್ಗಿ ಹಲ್ಲಿಗೆ ತಾಗಾಕತ್ತೈತ್ರಿ. ಹಿಂಗ ಹೊಡದ್ರ ಹರದ ಹೋಗತೈತಿ" ಎಂದು ಎದುರಿಗೇ ನೋಡುತ್ತ ಕೂತ.

ಯಾರ ಭಾರ ಎಂದು ಕೇಳುವ ಅಗತ್ಯ ನನಗೆ ಕಾಣಲಿಲ್ಲ. ಬಿಸಿಲು ಏರುತ್ತಿತ್ತು. ಇಳಿಯಿರಿ ಎಂದರೆ ಮಾವ ಹೋಗುತ್ತಾರೆ, ಎನ್ನದಿದ್ದರೆ ಪಾಳಿ ಹೋಗುತ್ತದೆ.

"ಮಾವಾರ, ಬದುವಿನ ಮ್ಯಾಲೆ ಗಾಳಿ ಚಲೋ ಐತ್ರಿ."

"ಇಲ್ಲೂ ಐತಲ್ಲ."

"ಹಂಗಲ್ರಿ, ನಿಮ್ಮ ತೂಕಕ್ಕ..."

ತೂಕ ಎಂಬ ಮಾತು ಬಾಯಿಂದ ಜಾರಿಬಿಟ್ಟಿತ್ತು. ಮಾವನವರು ಧೋತರ ಎತ್ತಿ ಹಿಡಿದು, ಮೊಣಕಾಲುದ್ದ ಕೆಸರಿಗೆ ಇಳಿದು ಬದುವಿನ ಕಡೆ ನಡೆದರು. ನೀಲಮ್ಮ ಅಲ್ಲಿಂದಲೇ ನನ್ನನ್ನು ನೋಡಿದಳು. ಆ ನೋಟಕ್ಕೆ ನಾನು ಇಂದಿಗೂ ಹೆದರುತ್ತೇನೆ.

"ಹೊಡಿಯಪಾ" ಎಂದೆ. ಕರ್ರ್.

ಫಕ್ಕೀರಪ್ಪ ಕಿವಿ ಕೆರೆದುಕೊಂಡ. "ಸಾವ್ಕಾರ್ರ, ಸಪ್ಪಳ ಮದಲಿಂದ ನಿಮ್ಮ ಬಾಜೂಲಿಂದನ ಬರಾಕತ್ತೈತ್ರಿ."

"ಮತ್ತ ಆಗ ಯಾಕ ಹೇಳಲಿಲ್ಲ?"

"ಮಾಲಕರಿಗೆ ಇಳೀರಿ ಅಂತ ಹೆಂಗ ಅನ್ನೂದ್ರಿ?"

ನಾನೂ ಕೆಸರಿಗೆ ಇಳಿದೆ. ಟ್ರ್ಯಾಕ್ಟರು ಚಕಾರವೆತ್ತದೆ ಮುಂದೆ ಸಾಗಿತು. ಬದುವಿನ ಮೇಲೆ ಮಾವನವರು ಸ್ವಲ್ಪ ಜರುಗಿ ಜಾಗ ಕೊಟ್ಟು, "ಬರ್ರಿ ಅಳಿಯಾರ, ಇಲ್ಲೆ ಗಾಳಿ ಚಲೋ ಐತಿ" ಎಂದರು. ಅವರ ಮೀಸೆಯ ಕೆಳಗೆ ನಗು ಇತ್ತು.

ಮಧ್ಯಾಹ್ನದೊಳಗೆ ಗದ್ದೆ ಸಿದ್ಧವಾಯಿತು. ಮಾವನವರು ಎಲ್ಲಿಯೂ ಹೋಗಲಿಲ್ಲ, ಬುತ್ತಿ ಬಿಚ್ಚಿ ಹೊಟ್ಟೆ ತುಂಬ ಉಂಡರು. ನನಗೆ ಮಾತ್ರ ಆ ದಿನ ಎರಡನೆಯ ರೊಟ್ಟಿಗೆ ಯಾರೂ ಒತ್ತಾಯ ಮಾಡಲಿಲ್ಲ.