ಮೂರನೇ ಮಹಡಿಯ ತಿಮಿಂಗಿಲ

"ಈ ಸಲ ನೀನು ಒಂದು ಹುಲ್ಲುಕಡ್ಡೀನೂ ಎತ್ತಿಡೋ ಹಾಗಿಲ್ಲ. ಮಕ್ಕಳ ಜವಾಬ್ದಾರಿ ಪೂರಾ ನಂದು!"

ಸಮುದ್ರದ ದಂಡೆಯ ಹೋಟೆಲು, ಮೂರನೇ ಮಹಡಿ. ಚಡ್ಡಿ-ಬನಿಯನ್ನಿನಲ್ಲಿ ನಿಂತು, ಕೊರಳಿಗೆ ಸೀಟಿ ನೇತುಹಾಕಿಕೊಂಡು, ಸೇಫ್ಟಿ ಸಾಹೇಬರು ಘೋಷಿಸಿಯೇಬಿಟ್ಟರು. ಸಾಹೇಬರು ಬಣ್ಣದ ಕಾರ್ಖಾನೆಯೊಂದರ ಸುರಕ್ಷತಾ ಅಧಿಕಾರಿ. ಮುನ್ನೂರು ಕೆಲಸಗಾರರ ಕೈ, ಕಾಲು, ಕಣ್ಣು ಇದ್ದಲ್ಲೇ ಇರುವಂತೆ ನೋಡಿಕೊಳ್ಳುವುದು ಅವರ ಉದ್ಯೋಗ. ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಎರಡು ವರ್ಷದ ಮೇಲೆ ಸಿಕ್ಕ ನಾಲ್ಕು ದಿನದ ರಜೆಯಲ್ಲಿ ಆಕೆ ಬಯಸಿದ್ದು ಇಷ್ಟೇ: ಒಂದೇ ಒಂದು ಗಂಟೆ ಯಾರೂ ತನ್ನನ್ನು "ಸಿಸ್ಟರ್" ಅಂತಲೋ "ಅಮ್ಮಾ" ಅಂತಲೋ ಕೂಗಬಾರದು.

"ನಿಮ್ಮ ಕೈಲಿ ಆಗುತ್ತೇನ್ರೀ?"

"ಏನಂದೆ? ಮುನ್ನೂರು ಜನರನ್ನ ಮೂರು ನಿಮಿಷದಲ್ಲಿ ಕಾರ್ಖಾನೆಯಿಂದ ಹೊರಗೆ ತಂದು ಸಾಲಾಗಿ ನಿಲ್ಲಿಸೋನು ನಾನು!"

"ಅವರಿಗೆ ಸಂಬಳ ಕೊಡ್ತಾರೆ, ಮಾತು ಕೇಳ್ತಾರೆ. ಇವು ಹಾಗಲ್ಲ."

ಇವು ಅಂದರೆ ಎರಡು. ದೊಡ್ಡವಳಿಗೆ ಆರು ವರ್ಷ. ಎಲ್ಲದಕ್ಕೂ ವಾದ ಹೂಡುವುದರಿಂದ ಮನೆಯಲ್ಲಿ ಅವಳ ಹೆಸರು ವಕೀಲಮ್ಮ. ಚಿಕ್ಕವನಿಗೆ ಮೂರು. ಅವನು ಬುಲ್ಡೋಜರ್. ಆ ಹೆಸರು ಯಾಕೆ ಬಂತು ಅಂತ ಅವರ ಮನೆಯ ಗೋಡೆ, ಟೀವಿ, ಪಕ್ಕದ ಮನೆಯ ಬೆಕ್ಕು ಯಾರನ್ನು ಕೇಳಿದರೂ ಹೇಳುತ್ತಾರೆ.

ನರ್ಸಮ್ಮ ಟೋಪಿ ಹಾಕಿಕೊಂಡು, ಪುಸ್ತಕ ಹಿಡಿದು, ಹಿಂತಿರುಗಿ ನೋಡದೆ ಇಳಿದು ಹೋದಳು. ಎಲ್ಲಿ ಗಂಡ ಮನಸ್ಸು ಬದಲಾಯಿಸಿಬಿಡುತ್ತಾನೋ ಅನ್ನುವ ಭಯ!

ಸಾಹೇಬರ ಕಾರ್ಯಕ್ರಮ ಸರಳವಾಗಿತ್ತು. ಒಂದು, ಗಾಳಿ ತುಂಬುವ ರಬ್ಬರ್ ತಿಮಿಂಗಿಲವನ್ನು ಸಿದ್ಧಪಡಿಸುವುದು. ಎರಡು, ಮಕ್ಕಳು ಮತ್ತು ತಿಮಿಂಗಿಲ ಸಮೇತ ಸಮುದ್ರಕ್ಕೆ ದಂಡೆತ್ತಿ ಹೋಗುವುದು. ಆದರೆ ಪಂಪು ಮನೆಯಲ್ಲೇ ಉಳಿದಿತ್ತು.

"ಪಂಪ್ ಇಲ್ದೆ ಹೇಗಪ್ಪಾ?" ವಕೀಲಮ್ಮ ಪಾಟೀಸವಾಲು ಶುರುಮಾಡಿದಳು.

"ನಿಮ್ಮಪ್ಪನ ಶ್ವಾಸಕೋಶ ಏನಂದ್ಕೊಂಡೆ!"

ಮ್ಯಾನೇಜರ ಎದುರು ಒಂದು ದಿನವೂ ಉಸಿರೆತ್ತದ ಸಾಹೇಬರು ಆ ತಿಮಿಂಗಿಲಕ್ಕೆ ತಮ್ಮ ಅಷ್ಟೂ ವರ್ಷದ ಉಸಿರನ್ನು ಧಾರೆಯೆರೆದರು. ಅದು ಉಬ್ಬಿತು. ಉಬ್ಬುತ್ತಲೇ ಹೋಯಿತು. ಮಂಚ, ಕುರ್ಚಿ, ಕನ್ನಡಿ ಎಲ್ಲಕ್ಕೂ ಬಾಲ ತಾಗತೊಡಗಿದಾಗ ಸಾಹೇಬರು ಅದನ್ನು ಕಚ್ಚಿಕೊಂಡೇ ಹಿಂದೆ ಹಿಂದೆ ನಡೆದು ಬಾಲ್ಕನಿಗೆ ಬಂದರು. ಕಣ್ಣೆದುರು ಬರೀ ನೀಲಿ ರಬ್ಬರು. ಆ ರಬ್ಬರಿನ ಆಚೆಯಿಂದ "ಸುಂಯ್... ಟಪ್" ಅಂತ ಏನೋ ಸದ್ದು ಬಂತು.

ಮುಚ್ಚಳ ಹಾಕಿ, ತಿಮಿಂಗಿಲವನ್ನು ಪಕ್ಕಕ್ಕೆ ಸರಿಸಿ ನೋಡಿದರೆ ಗಾಜಿನ ಬಾಗಿಲು ಮುಚ್ಚಿದೆ! ಒಳಗೆ ಬುಲ್ಡೋಜರ್ ದೊಡ್ಡ ಕೆಲಸ ಮುಗಿಸಿದವನ ಹಾಗೆ ಕೈ ಒರೆಸಿಕೊಳ್ಳುತ್ತಿದ್ದಾನೆ.

ಸಾಹೇಬರು ಹಿಡಿಕೆ ಹಿಡಿದು ಎಳೆದರು. ಬರಲಿಲ್ಲ. ತಳ್ಳಿದರು. ಹೋಗಲಿಲ್ಲ. ಭುಜ ಕೊಟ್ಟು ಗುದ್ದಿದರು. ಭುಜಕ್ಕೆ ಪೆಟ್ಟಾಯಿತು.

"ವಕೀಲಮ್ಮಾ, ಚಿಲಕ ತೆಗಿ!"

"ಚಿಲಕ ಎಲ್ಲೂ ಇಲ್ಲ ಅಪ್ಪಾ."

"ಇಲ್ಲದೆ ಏನು? ಸರಿಯಾಗಿ ನೋಡು!"

"ಇದ್ರೂ ತೆಗಿಯೋ ಹಾಗಿಲ್ಲ. ಅಮ್ಮ ಇಲ್ಲದಾಗ ಹೊರಗಿಂದ ಯಾರೇ ಬಾಗಿಲು ಬಡಿದ್ರೂ ತೆಗಿಬಾರ್ದು ಅಂತ ನೀನೇ ಹೇಳಿದ್ಯಲ್ಲ."

"ನಾನು ಯಾರೋ ಅಲ್ಲ ಕಣೇ, ನಿಮ್ಮಪ್ಪ!"

"ಯಾರೇ ಅಂದ್ರೆ ಅದ್ರಲ್ಲಿ ಅಪ್ಪಾನೂ ಸೇರ್ತಾನೆ."

ತೀರ್ಪು ಹೊರಬಿತ್ತು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಮೊಬೈಲು ಮಂಚದ ಮೇಲಿತ್ತು. ಅದರ ಪಾಸ್‌ವರ್ಡು ಸಾಹೇಬರೇ ರಚಿಸಿದ್ದು, ಹದಿನಾಲ್ಕು ಅಕ್ಷರ, ನಡುವೆ ಮೂರು ಚಿಹ್ನೆ. ಸಾಹೇಬರು ಗಾಜಿಗೆ ಬಾಯಿಟ್ಟು ಅದನ್ನು ಕೂಗಿ ಹೇಳಿದರು. ಎಡ ಬಲದ ಬಾಲ್ಕನಿಯವರಿಗೆಲ್ಲ ಬಾಯಿಪಾಠವಾಯಿತು. ವಕೀಲಮ್ಮನಿಗೆ ಮಾತ್ರ ಆಗಲಿಲ್ಲ. ಮೂರನೇ ತಪ್ಪಿಗೆ ಮೊಬೈಲು ತಾನೇ ಬಾಗಿಲು ಹಾಕಿಕೊಂಡಿತು.

ಅಷ್ಟರಲ್ಲಿ ಬಚ್ಚಲಿನಿಂದ ನೀರಿನ ಸದ್ದು ಕೇಳಿತು.

"ಏನದು?"

"ತಮ್ಮ ನಲ್ಲಿ ಬಿಟ್ಟ. ನೀರು ಹೋಗೋ ತೂತಿಗೆ ನಿನ್ನ ಟವೆಲ್ ತುರುಕಿದ. ಅಪ್ಪಾ, ಸಮುದ್ರ ರೂಮಿಗೇ ಬಂತು!" ವಕೀಲಮ್ಮ ಕುಣಿದಳು. ನೆಲದ ಮೇಲೆ ಮೊದಲ ಅಲೆ ಸದ್ದಿಲ್ಲದೆ ಹರಿದು ಬಂದು ಸಾಹೇಬರ ಚಪ್ಪಲಿಯನ್ನು ತೇಲಿಸಿಕೊಂಡು ಹೋಯಿತು.

ಸಾಹೇಬರು ಕೆಳಗೆ ನೋಡಿದರು. ಮರಳಿನ ಮೇಲೆ, ಕೊಡೆಯಡಿ ಹೆಂಡತಿ! ಕೂಗಿದರು. ಸಮುದ್ರ ಇನ್ನೂ ಜೋರಾಗಿ ಕೂಗಿತು. ಕೊನೆಗೆ ಸೀಟಿ ತೆಗೆದು, ಅಳಿದುಳಿದ ಉಸಿರನ್ನೆಲ್ಲ ಕೂಡಿಸಿ ಊದಿದರು.

ಕಾರ್ಖಾನೆಯ ಸೀಟಿ ಅದು! ಕೇಳಿದ್ದೇ ತಡ, ನೀರಿನಲ್ಲಿದ್ದ ಜನ ಬಿದ್ದಂಬೀಳ ದಡಕ್ಕೆ ಓಡಿದರು. ಮೂರೇ ನಿಮಿಷದಲ್ಲಿ ಸಮುದ್ರ ಖಾಲಿ. ಅಪಾಯ ಎಲ್ಲಿ ಅಂತ ಲೈಫ್‌ಗಾರ್ಡು ದುರ್ಬೀನಿನಲ್ಲಿ ದಿಗಂತ ಹುಡುಕತೊಡಗಿದ. ನರ್ಸಮ್ಮ ತಲೆಯೆತ್ತಿ ಮೇಲೆ ನೋಡಿದಳು. ಗಂಡ ಎರಡೂ ಕೈ ಬೀಸುತ್ತಿದ್ದ. ಪಾಪ, ಎಷ್ಟು ಖುಷಿಯಾಗಿದ್ದಾರೆ! ಆಕೆಯೂ ಕೈ ಬೀಸಿ, ಒಂದು ಫೋಟೋ ಹೊಡೆದು, ಮತ್ತೆ ಪುಸ್ತಕ ತೆರೆದಳು.

ಸಾಹೇಬರು ತಲೆ ಚಚ್ಚಿಕೊಂಡು ರೂಮಿನತ್ತ ತಿರುಗಿದರು. ವಕೀಲಮ್ಮ ಒಬ್ಬಳೇ ನೀರಿನಲ್ಲಿ ಚಪ್ಪಲಿ ಓಡಿಸುತ್ತಿದ್ದಳು.

"ತಮ್ಮ ಎಲ್ಲಿ?"

ಅವಳು ಅತ್ತಿತ್ತ ನೋಡಿದಳು. "ಇಲ್ಲೇ ಇದ್ದ."

"ಬಚ್ಚಲಲ್ಲಿ ನೋಡು! ಓಡು!"

ಹೋದಳು, ಬಂದಳು. "ಅಲ್ಲಿಲ್ಲ."

ಸಾಹೇಬರು ನಿಂತ ಕಡೆಯಿಂದ ರೂಮಿನ ಮುಂಬಾಗಿಲು ಕಾಣುವುದಿಲ್ಲ. ಅದರಾಚೆ ಮೆಟ್ಟಿಲು, ಮೆಟ್ಟಿಲಿನಾಚೆ ರಸ್ತೆ, ರಸ್ತೆಯಾಚೆ ಸಮುದ್ರ. ಬುಲ್ಡೋಜರಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ತಮಾಷೆ ಸಾಕಾಯಿತು. ಗಾಜಿಗೆ ಹಣೆಯೊತ್ತಿ ಮಗನ ಹೆಸರು ಕೂಗಿದರು. ಸುರಕ್ಷತೆಯ ಮೇಲೆ ಹದಿನೆಂಟು ವರ್ಷ ಭಾಷಣ ಬಿಗಿದವರಿಗೆ ಆ ಕ್ಷಣ ಒಂದೇ ಒಂದು ನಿಯಮವೂ ನೆನಪಾಗಲಿಲ್ಲ. ಕೈಗೆ ಸಿಕ್ಕಿದ್ದು ತಿಮಿಂಗಿಲ. ಅದನ್ನೇ ಎರಡೂ ಕೈಯಲ್ಲಿ ಎತ್ತಿ, ಹೆಂಡತಿಯ ಕೊಡೆಗೆ ಗುರಿಯಿಟ್ಟು, ಎಸೆದರು!

ಗಾಳಿ ಬೇರೆಯೇ ಯೋಚನೆ ಮಾಡಿತ್ತು. ನೀಲಿ ತಿಮಿಂಗಿಲ ಕೊಡೆಗಳ ಮೇಲೆ ವಿಮಾನದಂತೆ ಹಾರಿ, ನೇರ ಸಮುದ್ರಕ್ಕಿಳಿದು, ಅಲೆಯ ಮೇಲೆ ಕುಣಿಯುತ್ತ ದೂರ ಸಾಗಿತು.

"ಅದರ ಮೇಲೆ ಮಗು ಇದೆ!" ಯಾರೋ ಪುಣ್ಯಾತ್ಮ ಕೂಗಿದ.

"ಎರಡಿವೆ!" ಇನ್ನೊಬ್ಬ ಸೇರಿಸಿದ.

ಲೈಫ್‌ಗಾರ್ಡು ದುರ್ಬೀನು ಬಿಸಾಕಿ ನೀರಿಗೆ ಹಾರಿದ. ನರ್ಸಮ್ಮ ಎದ್ದು ನಿಂತು ನೋಡಿದಳು. ತಿಮಿಂಗಿಲ ತಮ್ಮದು! ಮೇಲೆ ನೋಡಿದಳು. ಗಂಡ ಬಾಲ್ಕನಿಯ ಕಂಬಿ ಹಿಡಿದು, ಅಳುವವನಂತೆ ನಿಂತಿದ್ದಾನೆ. ಪುಸ್ತಕ ಎಲ್ಲೋ, ಟೋಪಿ ಎಲ್ಲೋ. ಆಕೆ ಓಡಿದಳು.

ಮೂರು ಮಹಡಿಯ ಮೆಟ್ಟಿಲನ್ನು ಏದುಸಿರಿನಲ್ಲಿ ಹತ್ತಿ ಬಾಗಿಲು ಬಡಿದರೆ, ಒಳಗಿನಿಂದ ಬೋಲ್ಟು ಸರಿಸಿದ ಸದ್ದು.

"ಅಮ್ಮ ಆದ್ರೆ ತೆಗಿಬಹುದು," ಅನ್ನುತ್ತ ವಕೀಲಮ್ಮ ಬಾಗಿಲು ತೆರೆದಳು. ಒಳಗಿದ್ದ ಸಮುದ್ರ ಹೊರಗೆ ಬಂದು ನರ್ಸಮ್ಮನ ಪಾದ ತೊಳೆಯಿತು.

"ತಮ್ಮ ಎಲ್ಲೇ?"

ಇಪ್ಪತ್ತು ವರ್ಷ ವಾರ್ಡು ಸುತ್ತಿದ ಕಣ್ಣು ಅದು. ಆಕೆ ನೇರ ಮಂಚದ ಆಚೆ ಬದಿಗೆ ಹೋಗಿ ಬಗ್ಗಿದಳು. ತೆರೆದ ಸೂಟ್‌ಕೇಸಿನಲ್ಲಿ, ಅಪ್ಪನ ಒಣಬಟ್ಟೆಗಳ ಮೇಲೆ, ಬುಲ್ಡೋಜರ್ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದ.

"ಅದು ಅವನ ದೋಣಿ. ನಂಗೆ ಕಾಣಿಸ್ಲೇ ಇಲ್ಲ," ಅಂದಳು ವಕೀಲಮ್ಮ.

ನರ್ಸಮ್ಮ ಅವನ ಎದೆಯ ಮೇಲೆ ಅಂಗೈಯಿಟ್ಟು ಒಂದು ಗಳಿಗೆ ಹಾಗೇ ಕೂತಳು. ಆಮೇಲೆ ನಲ್ಲಿ ನಿಲ್ಲಿಸಿ, ಟವೆಲ್ ಕಿತ್ತು, ಮಗನನ್ನು ಹೆಗಲಿಗೆ ಹಾಕಿಕೊಂಡು ಗಾಜಿನ ಬಾಗಿಲಿಗೆ ಬಂದಳು. ಹೆಗಲ ಮೇಲಿನ ಮಗನನ್ನು ಕಂಡು ಸಾಹೇಬರು ಅಲ್ಲೇ ಕುಸಿದು ಕೂತರು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು.

ಅಷ್ಟು ಹೊತ್ತಿಗೆ ಮುಂಬಾಗಿಲಲ್ಲಿ ಲೈಫ್‌ಗಾರ್ಡು ಕಾಣಿಸಿಕೊಂಡ. ತೊಯ್ದು ತೊಪ್ಪೆಯಾಗಿದ್ದ. ಬಗಲಲ್ಲಿ ತಿಮಿಂಗಿಲ, ಬೆನ್ನ ಹಿಂದೆ ಅರ್ಧ ಬೀಚು.

"ಬೀಗ ಒಡಿಯೋರನ್ನ ಕರಿ! ಗಾಜು ಒಡಿ! ಅರ್ಧ ಗಂಟೆಯಿಂದ ಎಳೆದೂ ತಳ್ಳೀ ಸಾಕಾಯ್ತು!" ಸಾಹೇಬರು ಒಳಕ್ಕೆ ಕೂಗಿದರು.

ನರ್ಸಮ್ಮ ಒಂದು ಬೆರಳನ್ನು ಬಾಗಿಲ ಅಂಚಿಗಿಟ್ಟು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಸುಂಯ್ ಅಂತ ಬಾಗಿಲು ತೆರೆದುಕೊಂಡಿತು.

ಲೈಫ್‌ಗಾರ್ಡಿನ ಬಗಲಲ್ಲಿದ್ದ ತಿಮಿಂಗಿಲ ಎಲ್ಲೋ ತೂತಾಗಿ "ಪುಸ್ಸ್" ಅಂದಿತು.

"ಇದು ಎಳಿಯೋ ಬಾಗಿಲೂ ಅಲ್ಲ, ತಳ್ಳೋ ಬಾಗಿಲೂ ಅಲ್ಲ ರೀ, ಜಾರಿಸೋ ಬಾಗಿಲು," ಅಂದಳು ಆಕೆ. "ಮನೆಗೆಲಸ ಅಂದಾಗೆಲ್ಲ ಅಷ್ಟು ಚೆನ್ನಾಗಿ ಜಾರ್ಕೋತೀರಿ. ಇದೊಂದು ಹೊಳೀಲಿಲ್ವಾ?"