ಎಂ.ಟೆಕ್ ಮೇಡಂಗೆ ಬಿ.ಇ. ಹಾಜರಿ ಇಲ್ಲ

ಕಾಯುವುದು ನನ್ನ ಜಾತಕದಲ್ಲೇ ಇಲ್ಲ. ಮದುವೆಮನೆಯಲ್ಲಿ ಎಲೆಗೆ ಬಡಿಸಿದ ಪಾಯಸವನ್ನು ಮೊದಲೇ ಮುಗಿಸಿ, ಅನ್ನ ಬರುವ ಹೊತ್ತಿಗೆ ಹೊಟ್ಟೆ ತುಂಬಿ ಕೂರುವವಳು ನಾನು. ಬನಶಂಕರಿ ಇನ್ನೂ ಎರಡು ಸ್ಟಾಪ್ ಇರುವಾಗಲೇ ಬಸ್ಸಿನ ಬಾಗಿಲಲ್ಲಿ ನಿಂತು ಕಂಡಕ್ಟರ್ ಕೈಲಿ ಬೈಸಿಕೊಳ್ಳುವುದೂ ಇದ್ದದ್ದೇ. ಹಾಗಾಗಿ ನಮ್ಮ ಕಾಲೇಜಿನಲ್ಲಿ, ಬಿ.ಇ. ಕೊನೆಯ ವರ್ಷದಲ್ಲೇ ಎಂ.ಟೆಕ್ ಪಾಠಗಳನ್ನೂ ಶುರುಮಾಡಬಹುದು ಎಂದು ವಿಭಾಗದ ಮುಖ್ಯಸ್ಥರು ಹೇಳಿದಾಗ ಮೊದಲು ಕೈ ಎತ್ತಿದವಳು ನಾನು. ಅವರ ಮಾತಿನ್ನೂ ಮುಗಿದಿರಲಿಲ್ಲ.

ಅಪ್ಪನಿಗೆ ಸಂತೋಷವೋ ಸಂತೋಷ. ಹನುಮಂತನಗರದ ಪಾರ್ಕಿನಲ್ಲಿ ವಾಕಿಂಗ್ ಬರುವವರಿಗೆಲ್ಲ "ಮಗಳು ಎಂ.ಟೆಕ್ ಮಾಡ್ತಿದಾಳೆ" ಎಂದು ಸಾರಿದರು. ಬಿ.ಇ. ಇನ್ನೂ ಮುಗಿದಿಲ್ಲ ಎಂಬುದನ್ನು ಹೇಳುವಷ್ಟು ದೂರ ಅವರು ಯಾರ ಜೊತೆಗೂ ನಡೆಯಲಿಲ್ಲ. ಅಜ್ಜಿ ಮಾತ್ರ ಹುರುಳಿಕಾಯಿಯ ನಾರು ತೆಗೆಯುತ್ತಾ, "ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸಿದ್ರಂತೆ" ಎಂದರು. "ಕುಲಾವಿ ರೆಡಿ ಇದ್ರೆ ಒಳ್ಳೇದೇ ಅಲ್ವಾ ಅಜ್ಜಿ" ಎಂದೆ.

ಎಂ.ಟೆಕ್‌ನವರು ವಿಭಾಗದ ಸಣ್ಣಪುಟ್ಟ ಕೆಲಸಗಳಿಗೂ ಕೈಹಾಕಬೇಕು. ಲ್ಯಾಬಿನಲ್ಲಿ ಜೂನಿಯರ್‌ಗಳ ಹಾಜರಿ ತೆಗೆದುಕೊಂಡ ಮೊದಲ ದಿನವೇ ಒಬ್ಬಳು "ಮೇಡಂ" ಎಂದಳು. ಅದು ನೇರವಾಗಿ ತಲೆಗೇರಿತು. ಹಿಂದಿನ ಸೆಮಿಸ್ಟರ್‌ನಲ್ಲಿ ಹಾಜರಿ ಸಾಲದವರ ಮನೆಗಳಿಗೆ ಫೋನ್ ಮಾಡಿದಾಗ ಅರ್ಧ ಮಂದಿ 'ಅಪ್ಪಂದಿರು' ಕ್ಯಾಂಟೀನಿನಿಂದಲೇ ಮಾತಾಡಿದ್ದರು. "ಇನ್ಮೇಲೆ ಪೇರೆಂಟ್ಸ್ ಖುದ್ದು ಬಂದು ಸೈನ್ ಹಾಕ್ಲಿ ಮೇಡಂ" ಎಂದು ವಿಭಾಗದ ಮುಖ್ಯಸ್ಥರಿಗೆ ಸಲಹೆ ಕೊಟ್ಟವಳು ನಾನೇ. ಅವರು ಮೆಚ್ಚಿಕೊಂಡರು.

ಹಾಜರಿ ಸಾಲದವರ ಈ ಸಲದ ಪಟ್ಟಿಯನ್ನು ಟೈಪ್ ಮಾಡುವ ಕೆಲಸವೂ ನನಗೇ ಬಂತು. ಹದಿನಾಲ್ಕನೆಯ ಸಾಲಿನಲ್ಲಿ ನನ್ನ ಹೆಸರಿತ್ತು. ವಾರಕ್ಕೆರಡು ದಿನ ಬಿ.ಇ. ಕ್ಲಾಸೂ ಎಂ.ಟೆಕ್ ಕ್ಲಾಸೂ ಒಂದೇ ಹೊತ್ತಿಗೆ ಬೀಳುತ್ತಿದ್ದವು, ನಾನು ಎಂ.ಟೆಕ್ ಕಡೆಗೇ ಓಡುತ್ತಿದ್ದೆ. ಅಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಅಪ್ಪ ಬಂದು ಸಹಿ ಹಾಕದಿದ್ದರೆ ಹಾಲ್ ಟಿಕೆಟ್ ಇಲ್ಲ, ಹಾಲ್ ಟಿಕೆಟ್ ಇಲ್ಲದೆ ಬಿ.ಇ. ಇಲ್ಲ, ಬಿ.ಇ. ಇಲ್ಲದವಳ ಎಂ.ಟೆಕ್ ಯಾರಿಗೆ ಬೇಕು? ಅಂದು ಸಂಜೆ ಅಪ್ಪನ ಮುಂದೆ ಬಾಯಿಬಿಡಲು ನಿಜಕ್ಕೂ ಹೆದರಿದ್ದೆ.

ಸಹಿ ಹಾಕುವ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಲೇಜಿಗೆ ಬಂದರು. ಮುಖ್ಯಸ್ಥರ ಕೋಣೆಯ ಬಾಗಿಲಲ್ಲಿ ನಿಂತು ಪೋಷಕರನ್ನು ಕೂಗಿ ಒಳಗೆ ಕಳಿಸುವ ಕೆಲಸ ನನ್ನದು. ನನ್ನ ಹೆಸರನ್ನು ನಾನೇ ಕೂಗಿದೆ. ಅಪ್ಪ ಎದ್ದು, "ಬಂದೆ ಮೇಡಂ" ಎಂದರು.

ಒಳಗೆ ಮುಖ್ಯಸ್ಥರು, "ಎಂ.ಟೆಕ್‌ನಲ್ಲಿ ಫುಲ್ ಅಟೆಂಡೆನ್ಸ್ ಇದೆ ಸಾರ್" ಎಂದು ಸಮಾಧಾನ ಹೇಳಿದರು. "ಪಾರ್ಕಲ್ಲಿ ಅದನ್ನೇ ಹೇಳ್ತೀನಿ ಬಿಡಿ" ಎನ್ನುತ್ತಾ ಅಪ್ಪ ಸಹಿ ಹಾಕಿದರು. ನನಗೆ ಹೋದ ಜೀವ ಬಂದಂತಾಯಿತು.

ಹೊರಗೆ ಬಂದರೆ ನನ್ನ ಸಹಪಾಠಿ ಚೇತನನೂ ಅವನ ತಂದೆಯೂ ಕಾಯುತ್ತಿದ್ದರು. ತಂದೆ ನನಗೆ ಕೈಮುಗಿದು, "ಮೇಡಂ, ನೀವಾದ್ರೂ ಇವನಿಗೆ ಸ್ವಲ್ಪ ಬುದ್ಧಿ ಹೇಳಿ" ಎಂದರು. ಚೇತನ್ ನಗು ತಡೆಯಲು ತುಟಿ ಕಚ್ಚಿಕೊಂಡು ನಿಂತ. ಅಪ್ಪ ಅಲ್ಲೇ ಗೋಡೆಯ ಮೇಲಿನ ನೋಟಿಸನ್ನು ಬಹಳ ಆಸಕ್ತಿಯಿಂದ ಓದತೊಡಗಿದರು. ನಾನು ಗಂಟಲು ಸರಿಮಾಡಿಕೊಂಡು, ದಿನಾ ತಪ್ಪದೆ ಕ್ಲಾಸಿಗೆ ಬರುವುದರ ಮಹತ್ವವನ್ನು ಐದು ನಿಮಿಷ ವಿವರಿಸಿದೆ. ಅಷ್ಟು ಹೊತ್ತೂ ಮೇಲಿನ ಮಹಡಿಯ ನಮ್ಮ ಬಿ.ಇ. ಕ್ಲಾಸಿನಲ್ಲಿ ಹಾಜರಿ ಕೂಗುತ್ತಿದ್ದರು.